ಗುರುತು ಹಾಕಿದ ಇನ್ಸುಲಿನ್

ಪ್ರೇಮಮ್ಮ ಹುಟ್ಟಿದ್ದೇ ಗುಮಾನಿಯ ಮನೆತನದಲ್ಲಿ. ಬಸವಾಪಟ್ಟಣದ ಆ ಮನೆಯಲ್ಲಿ ಹಾಲಿಗೆ ನೀರು ಬಿದ್ದಿದೆಯೇ ಎಂದು ನೋಡುತ್ತಿದ್ದರು ಸರಿ, ನೀರಿಗೆ ಹಾಲು ಬಿದ್ದಿದ್ದರೂ ಹಾಕಿದವರು ಯಾರು, ಯಾಕೆ ಹಾಕಿದರು ಎಂದು ವಿಚಾರಣೆ ಆಗುತ್ತಿತ್ತು. ಆಕೆಯ ಸೋದರತ್ತೆ ಸರ್ವಮಂಗಳಮ್ಮ ಬೆಲ್ಲದ ಡಬ್ಬಿಯ ಮೇಲೆ ತನ್ನ ಬೆರಳಿನ ಗುರುತು ಒತ್ತಿಟ್ಟು ಮಲಗುತ್ತಿದ್ದಳು. ಅಂಥ ಮನೆಯ ಹುಡುಗಿ ನರ್ಸಿಂಗ್ ಓದಿ, ಚನ್ನಗಿರಿಯ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಹೆಡ್ ನರ್ಸ್ ಆಗಿದ್ದಳು. ಬೆಡ್‌ಶೀಟು, ಥರ್ಮಾಮೀಟರು, ಹತ್ತಿಯ ಸುರುಳಿ ಯಾವುದೂ ಆಕೆಯ ಕಣ್ಣು ತಪ್ಪಿಸಿ ಆ ಕಟ್ಟಡ ದಾಟುತ್ತಿರಲಿಲ್ಲ. ಆಸ್ಪತ್ರೆಯವರಿಗೆ ಅದು ಅನುಕೂಲವೇ ಆಗಿತ್ತು, ಹಾಗಾಗಿ ಯಾರೂ ಆಕೆಗೆ ಸಾಕು ಬಿಡಮ್ಮ ಎಂದು ಹೇಳಲಿಲ್ಲ.

ಆಕೆಗೆ ಮೊದಲಿನಿಂದಲೂ ಒಂದು ಕಣ್ಣಿದ್ದದ್ದು ಕಾಂಪೌಂಡರ್ ಹಾಲಸ್ವಾಮಿಯ ಮೇಲೆ. ನ್ಯಾಮತಿಯವನು, ನಲವತ್ತರ ಹತ್ತಿರ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಮಾತು ಕಡಿಮೆ ಇರುವವರು ಏನನ್ನೋ ಬಚ್ಚಿಟ್ಟಿರುತ್ತಾರೆ ಎಂಬುದು ಪ್ರೇಮಮ್ಮನ ನಂಬಿಕೆ. ಪ್ರತಿ ಶನಿವಾರ ಮಧ್ಯಾಹ್ನ ಅವನು ಒಂದು ಹಸಿರು ಥರ್ಮಾಸ್ ಫ್ಲಾಸ್ಕ್ ಹಿಡಿದು ಬಸ್ಸು ಹತ್ತುತ್ತಿದ್ದ. ಅವನ ಹೆಂಡತಿ ಸಾವಂತ್ರಮ್ಮ ಜಗಳೂರಿನ ತವರಿನಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಿದ್ದಳು. ಆ ತಾಯಿ ಗಾದ್ರಮ್ಮನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಲೇಬೇಕು.

"ಇನ್ಸುಲಿನ್ ದಾವಣಗೆರೆ ಅಂಗಡ್ಯಾಗೆ ತಗಂತೀನಿ ಸಿಸ್ಟರ್. ಇಲ್ಲಿಂದ ಒಯ್ಯೋದು ಐಸ್ ಅಷ್ಟೆ" ಎಂದು ಅವನೇ ಒಮ್ಮೆ ಹೇಳಿದ್ದ. ಕೇಳದೆ ಹೇಳಿದ್ದ. ಕೇಳದೆ ಯಾಕೆ ಹೇಳಿದ ಎಂದು ಪ್ರೇಮಮ್ಮ ಒಂದು ವಾರ ಯೋಚಿಸಿದಳು.

ಆ ವರ್ಷ, ಎಂಬತ್ಮೂರರ ಯುಗಾದಿಯ ಹೊತ್ತಿಗೆ, ಸಲೈನು ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ಬರತೊಡಗಿತು. ಬಿದ್ದರೆ ಒಡೆಯುವುದಿಲ್ಲ, ತೊಳೆದು ಕುದಿಸುವ ರಗಳೆಯಿಲ್ಲ; ಎಲ್ಲರಿಗೂ ಖುಷಿಯೋ ಖುಷಿ. ಅದಾದ ಒಂದು ತಿಂಗಳಿಗೆ ಸಂತೇಬೆನ್ನೂರಿನ ಅಂತರಘಟ್ಟಮ್ಮ ಎಂಬ ಮುದುಕಿಯನ್ನು ಎತ್ತಿಕೊಂಡು ಬಂದರು. ಸಂತೆಯಲ್ಲಿ ಮಂಡಕ್ಕಿ ಮಾರುವ ಹೆಂಗಸು, ಸಕ್ಕರೆ ಏರಿ ಪ್ರಜ್ಞೆ ಅರ್ಧಂಬರ್ಧ. ಡಾಕ್ಟರ್ ಜಯದೇವಪ್ಪ ಸಲೈನು ಬಾಟಲಿಗೆ ಇನ್ಸುಲಿನ್ ಬೆರೆಸಿ ಹನಿಹನಿಯಾಗಿ ಹಾಕಲು ಹೇಳಿದರು. ಬೆರೆಸುವುದು ಹಾಲಸ್ವಾಮಿಯ ಕೆಲಸ. ಧೂಳು ಬರಬಾರದೆಂದು ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಬೆರೆಸಿ ತರುತ್ತಿದ್ದ.

ಗಂಟೆಗೊಮ್ಮೆ ಪ್ರೇಮಮ್ಮ ಮುದುಕಿಯ ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಸಿ ನೋಡಿದಳು. ಸಕ್ಕರೆ ಇಲ್ಲದಿದ್ದರೆ ಅದು ನೀಲಿಯಾಗಿಯೇ ಇರಬೇಕು, ಸ್ವಲ್ಪ ಇದ್ದರೆ ಹಸಿರು, ಇನ್ನಷ್ಟಿದ್ದರೆ ಹಳದಿ, ತೀರಾ ಜಾಸ್ತಿ ಇದ್ದರೆ ಇಟ್ಟಿಗೆ ಕೆಂಪು. ಬೆಳಿಗ್ಗೆಯಿಂದ ಸಂಜೆಯ ತನಕ ಇಟ್ಟಿಗೆ ಕೆಂಪೇ. ಡಾಕ್ಟರು ಇನ್ಸುಲಿನ್ ಎರಡರಷ್ಟು ಮಾಡಿ ಹೇಗೋ ಅವಳನ್ನು ಉಳಿಸಿಕೊಂಡರು. ಮುಂದಿನ ವಾರ ಬಂದ ಇನ್ನೊಬ್ಬ ರೋಗಿಗೂ ಹಾಗೆಯೇ ಆಯಿತು. ಗಾಜಿನ ಬಾಟಲಿಯ ಕಾಲದಲ್ಲಿ ಇಷ್ಟು ಒದ್ದಾಟ ಇರಲಿಲ್ಲ.

"ಹಾಕಿದ ಇನ್ಸುಲಿನ್ ಎಲ್ಲಿ ಹೋಗ್ತೈತೆ ಪ್ರೇಮಮ್ಮ?" ಎಂದು ಡಾಕ್ಟರು ಕೇಳಿದರು.

"ಹಾಕಿದ್ರೆ ತಾನೆ ಸರ್" ಎಂದಳು ಪ್ರೇಮಮ್ಮ.

ಇಷ್ಟೇ ಮಾತು. ಆದರೆ ಅಷ್ಟರಿಂದಲೇ ಡಾಕ್ಟರ ತಲೆಯಲ್ಲೂ ಹುಳ ಹೊಕ್ಕಿತು. ಸೀಸೆಗಳ ಲೆಕ್ಕ ಸರಿಯಾಗಿತ್ತು, ಖಾಲಿ ಸೀಸೆಗಳೂ ಇದ್ದವು. ಹಾಗಾದರೆ ಕೋಣೆಯೊಳಗೆ ಅರ್ಧ ಬಾಟಲಿಗೆ, ಅರ್ಧ ಬೇರೆ ಕಡೆಗೆ ಹೋಗುತ್ತಿರಬೇಕು. ಬೇರೆ ಕಡೆ ಎಂದರೆ ಹಸಿರು ಫ್ಲಾಸ್ಕಿಗೆ.

ಮುಂದಿನ ಶನಿವಾರ ಪ್ರೇಮಮ್ಮ ರಜೆ ಹಾಕಿ, ಸೊಕ್ಕೆಯಲ್ಲಿ ನೆಂಟರಿದ್ದಾರೆ ಎಂದು ಸುಳ್ಳು ಹೇಳಿ, ಬೆಳಗಿನ ಬಸ್ಸಿಗೆ ಜಗಳೂರಿಗೆ ಹೋದಳು. ಹಾಲಸ್ವಾಮಿ ಸಂಜೆಗೆ ಬರುವವನು. ಅವನು ಹೋದ ವಾರ ತಂದಿಟ್ಟದ್ದನ್ನು ಅವನಿಲ್ಲದಾಗ ನೋಡಬೇಕೆಂಬುದು ಆಕೆಯ ಲೆಕ್ಕಾಚಾರ. ಸಾವಂತ್ರಮ್ಮನಿಗೆ ಗಂಡನ ಆಸ್ಪತ್ರೆಯ ಹೆಡ್ ನರ್ಸ್ ಮನೆಗೆ ಬಂದದ್ದೇ ದೊಡ್ಡ ಸಂಗತಿ. ಚಾಪೆ ಹಾಸಿದಳು, ಜೋಳದ ರೊಟ್ಟಿ ಬಡಿದಳು, ಎಣಗಾಯಿ ಪಲ್ಯ ಬಡಿಸಿದಳು.

"ಅಕ್ಕಾರೆ, ನಮ್ಮವ್ವನ್ನ ಒಂದು ಸಲ ನೋಡ್ರಿ. ನಮ್ಮೆಜಮಾನ್ರು ನಿಮ್ಮ ಕೈಗುಣದ ಬಗ್ಗೆ ಭಾಳ ಹೇಳ್ತಾರೆ" ಎಂದಳು.

ಪ್ರೇಮಮ್ಮ ಗಾದ್ರಮ್ಮನ ನಾಡಿ ನೋಡಿದಳು, ಕಾಲಿನ ಹುಣ್ಣು ನೋಡಿದಳು, ಆಮೇಲೆ ತಾನು ನೋಡಬೇಕಾಗಿದ್ದನ್ನು ನೋಡಿದಳು. ಮಣ್ಣಿನ ಮಡಕೆಯೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಇನ್ಸುಲಿನ್ ಸೀಸೆ. ಆಸ್ಪತ್ರೆಗೆ ಬರುವ ಕಂಪನಿಯದಲ್ಲ. ಒಂದಕ್ಕೆ ಸೂಜಿಯೇ ತಾಗಿರಲಿಲ್ಲ, ಮೇಲಿನ ತಗಡಿನ ಮುಚ್ಚಳ ಹೊಸದರಂತೆ ಭದ್ರವಾಗಿತ್ತು. ಕದ್ದು ತುಂಬಿಸಿದ್ದಾದರೆ ಮುಚ್ಚಳ ಹಾಗಿರಲು ಸಾಧ್ಯವಿಲ್ಲ. ಇದು ಅಂಗಡಿಯ ಮಾಲೇ. ಒಂದು ಗಳಿಗೆ ಆಕೆಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತ ಮೇಲೆ ಹಳೆಯ ಬುದ್ಧಿ ಮರಳಿತು. ಕಳ್ಳನಾದವನು ಕಾಣುವ ಜಾಗದಲ್ಲಿ ಇಡುತ್ತಾನೆಯೇ, ಕದ್ದದ್ದನ್ನು ಬೇರೆಲ್ಲೋ ಮಾರಿ ಅದರಲ್ಲೇ ಇದನ್ನು ಕೊಂಡಿರಬೇಕು ಎಂದುಕೊಂಡಳು. ಜಗಳೂರಿಗೆ ಹೋದದ್ದನ್ನು ಯಾರಿಗೂ ಹೇಳಲಿಲ್ಲ.

ಡಾಕ್ಟರು ಮಾತ್ರ ಒಂದು ನ್ಯಾಯದ ಕೆಲಸ ಮಾಡಿದರು. ಇನ್ಸುಲಿನ್ ಎಂದರೆ ಒಂದು ಪ್ರೋಟೀನು, ಪ್ರೋಟೀನು ಪ್ಲಾಸ್ಟಿಕ್ಕಿನ ಗೋಡೆಗೆ ಹತ್ತಿಕೊಳ್ಳುವುದುಂಟು ಎಂದು ಎಲ್ಲೋ ಓದಿದ್ದರು. ಅವರ ಜೊತೆ ಓದಿದ ನಾಗೇಂದ್ರಪ್ಪ ದೂರದ ಒಂದು ಪ್ರಯೋಗಾಲಯದಲ್ಲಿದ್ದ. ಅವನಿಗೆ ನಾಲ್ಕು ಹೊಸ ಬಾಟಲಿ ಕಳಿಸಿ ಪರೀಕ್ಷೆ ಮಾಡಲು ಕೇಳಿಕೊಂಡರು. ಇಂಗ್ಲಿಷಿನಲ್ಲಿ ಟೈಪು ಮಾಡಿದ ಉತ್ತರ ಬಂತು. ಡಾಕ್ಟರು ಅದನ್ನು ಪ್ರೇಮಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಇನ್ಸುಲಿನ್ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಒಂದಷ್ಟು ಇನ್ಸುಲಿನ್ನಿಗೆ ವಿಕಿರಣ ಸೂಸುವ ಅಯೋಡಿನ್ನನ್ನು ಗುರುತಾಗಿ ಅಂಟಿಸುತ್ತಾರೆ. ಆ ಗುರುತಿನದನ್ನು ಮಾಮೂಲಿ ಇನ್ಸುಲಿನ್ನಿನೊಂದಿಗೆ ಬೆರೆಸಿ ಬಾಟಲಿಗೆ ಹಾಕಿ, ಹೊರಗೆ ಎಷ್ಟು ಬಂತೆಂದು ಯಂತ್ರದಲ್ಲಿ ಎಣಿಸುತ್ತಾರೆ. ನೂರಕ್ಕೆ ತೊಂಬತ್ತೈದು ಪಾಲು ಹೊರಗೆ ಬಂದಿದೆ.

"ಅಂದ್ರೆ ಪ್ಲಾಸ್ಟಿಕ್ಕಿನ ತಪ್ಪಿಲ್ಲ" ಎಂದರು ಡಾಕ್ಟರು. ಅವರ ದನಿಯಲ್ಲಿ ಸಂಕಟವಿತ್ತು. "ನೀವು ನೋಡಿದ್ದನ್ನ ಬರೆದುಕೊಡ್ರಿ."

ಪ್ರೇಮಮ್ಮ ಬರೆದುಕೊಟ್ಟಳು. ಬೆರೆಸುವಾಗ ಹಾಲಸ್ವಾಮಿ ಒಬ್ಬನೇ ಇರುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ಶನಿವಾರ ಫ್ಲಾಸ್ಕ್ ಒಯ್ಯುತ್ತಾನೆ. ಮೂರೂ ನಿಜವೇ. ಜಗಳೂರಿನ ಮಡಕೆ, ಭದ್ರವಾದ ತಗಡಿನ ಮುಚ್ಚಳ, ಇವೆರಡನ್ನು ಬರೆಯಲಿಲ್ಲ. ಕೆಳಗೆ ಸಹಿ ಹಾಕಿದಳು. ಬರುವ ಜೂನ್ ಇಪ್ಪತ್ತು, ಸೋಮವಾರ ಟ್ರಸ್ಟಿನ ಸಭೆ ಇತ್ತು. ಅವತ್ತು ಹಾಲಸ್ವಾಮಿಯನ್ನು ಕೆಲಸದಿಂದ ತೆಗೆದು ಪೊಲೀಸಿಗೆ ದೂರು ಕೊಡುವುದು, ಅಲ್ಲಿಯವರೆಗೆ ಅವನು ಆಸ್ಪತ್ರೆಗೆ ಕಾಲಿಡಬಾರದು ಎಂದಾಯಿತು. ಅವನು ಕೀಲಿಯನ್ನು ಮೇಜಿನ ಮೇಲಿಟ್ಟು, "ನಾನು ತಗಂಡಿಲ್ಲ ಸರ್" ಎಂದು ಒಂದೇ ಮಾತು ಹೇಳಿ ನ್ಯಾಮತಿಗೆ ಹೋದ.

ಕೀಲಿ ಈಗ ಪ್ರೇಮಮ್ಮನ ಸೊಂಟಕ್ಕೆ ಬಂತು. ಹಾಲಸ್ವಾಮಿ ಹೋದ ನಾಲ್ಕನೇ ದಿನ ಅಂತರಘಟ್ಟಮ್ಮ ಮತ್ತೆ ಬಂದಳು. ಈ ಸಲ ಪ್ರೇಮಮ್ಮ ಕೈ ತೊಳೆದು, ಬಾಗಿಲು ಹಾಕಿಕೊಂಡು, ತಾನೇ ಅಳೆದು, ತಾನೇ ಬೆರೆಸಿ, ತಾನೇ ಹನಿ ಬಿಟ್ಟಳು. ಗಂಟೆಯಾದ ಮೇಲೆ ಕಾಸಿದಳು. ಇಟ್ಟಿಗೆ ಕೆಂಪು. ಇನ್ನೊಂದು ಗಂಟೆ ಬಿಟ್ಟು ಕಾಸಿದಳು. ಮತ್ತೆ ಅದೇ ಕೆಂಪು.

ಡಾಕ್ಟರು ಬಂದು ಪರೀಕ್ಷಾನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬೆರೆಸಿದ್ದು ಯಾರು?" ಎಂದರು.

"ನಾನೇ ಸರ್."

"ಒಬ್ಬರೇ?"

ಡಾಕ್ಟರ ಕಣ್ಣು ಬಾಗಿಲ ಹಿಂದೆ ತೂಗುಹಾಕಿದ್ದ ಆಕೆಯ ಕೈಚೀಲದ ಕಡೆ ಹೋಗಿ ಬಂತು. ಹನ್ನೊಂದು ವರ್ಷ ಆಕೆ ಬೇರೆಯವರ ಚೀಲಗಳನ್ನು ಹಾಗೆ ನೋಡಿದ್ದಳೇ ಹೊರತು ತನ್ನ ಚೀಲದ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಚೀಲದಲ್ಲಿ ಒಂದು ಬಾಚಣಿಗೆ, ಎಲೆಯಡಿಕೆ ಪೊಟ್ಟಣ, ಕೊಡೆ ಬಿಟ್ಟರೆ ಏನೂ ಇರಲಿಲ್ಲ. ಆಕೆಗೆ ಅಳುವೂ ಬಂತು, ಸಿಟ್ಟೂ ಬಂತು, ಕೊನೆಗೆ ಸಿಟ್ಟೇ ಗೆದ್ದಿತು.

"ಇನ್ನೊಂದು ಬಾಟ್ಲಿ ನಿಮ್ಮ ಕಣ್ಣೆದುರಿಗೇ ಬೆರೆಸ್ತೀನಿ, ನಿಂತು ನೋಡ್ರಿ" ಎಂದಳು.

ಡಾಕ್ಟರು ನಿಂತು ನೋಡಿದರು. ಒಂದು ಹನಿ ಹೆಚ್ಚುಕಮ್ಮಿ ಇಲ್ಲದೆ ಬೆರೆಸಿದಳು. ಆಗಲೂ ಕೆಂಪೇ. ಮುದುಕಿಯ ಉಸಿರು ಏರುತ್ತಿತ್ತು. ಡಾಕ್ಟರು ಇನ್ನು ಕಾಯಲಿಲ್ಲ. ಹನಿಯನ್ನು ಬರೀ ಸಲೈನು ಮಾಡಿಸಿ, ಅದೇ ಸೀಸೆಯಿಂದ ಪ್ರೇಮಮ್ಮನಿಂದಲೇ ಗಾಜಿನ ಸಿರಿಂಜಿಗೆ ಇನ್ಸುಲಿನ್ ಎಳೆಸಿ ಗಂಟೆಗೊಮ್ಮೆ ತೊಡೆಗೆ ಚುಚ್ಚಿಸಿದರು. ಮೂರನೇ ಸೂಜಿಗೆ ನಳಿಗೆಯಲ್ಲಿ ಹಳದಿ ಕಂಡಿತು, ಐದನೆಯದಕ್ಕೆ ಹಸಿರು. ಅಂತರಘಟ್ಟಮ್ಮ ಕಣ್ಣು ಬಿಟ್ಟು ತನ್ನ ಮಂಡಕ್ಕಿ ಚೀಲ ಎಲ್ಲಿ ಎಂದು ಕೇಳಿದಳು.

"ಸೀಸೆ ಅದೇ, ಕೈನೂ ಅದೇ. ಬಾಟ್ಲಿಗೆ ಹಾಕಿದ್ರೆ ಮಾಯ ಆಗ್ತೈತೆ ಸರ್" ಎಂದಳು ಪ್ರೇಮಮ್ಮ.

"ಹಂಗಾರೆ ನಾಗೇಂದ್ರಪ್ಪನ ಯಂತ್ರ ಸುಳ್ಳು ಹೇಳ್ತೈತಾ? ಅದಕ್ಕೆ ನಿಮ್ಮ ಮೇಲೆ ಪ್ರೀತಿ ಇಲ್ಲ, ಹಾಲಸ್ವಾಮಿ ಮೇಲೆ ದ್ವೇಷ ಇಲ್ಲ. ಅದು ಬರೀ ಎಣಿಸ್ತೈತೆ."

ಎಣಿಸುತ್ತದೆ, ಸರಿ. ಏನನ್ನು ಎಣಿಸುತ್ತದೆ? ಪ್ರೇಮಮ್ಮ ಮಧ್ಯಾಹ್ನವೆಲ್ಲ ಇದನ್ನೇ ಯೋಚಿಸಿದಳು. ಊಟದ ಡಬ್ಬಿ ತೆಗೆದು ಹಾಗೇ ಮುಚ್ಚಿಟ್ಟಳು. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಾಗ ಅತ್ತೆಯ ಗೋಣಿಚೀಲ ನೆನಪಾಯಿತು.

ಅತ್ತೆ ಸರ್ವಮಂಗಳಮ್ಮನ ಮನೆಯಲ್ಲಿ ಅಡಿಕೆ ಆರಿಸಲು ದುರುಗಕ್ಕ ಎಂಬಾಕೆ ಬರುತ್ತಿದ್ದಳು. ಚೀಲದ ಅಡಿಕೆಯನ್ನು ಸುರಿದು, ಆರಿಸಿ, ಬುಟ್ಟಿಗೆ ಹಾಕುವ ಕೆಲಸ. ಅಡಿಕೆ ಕಡಿಮೆಯಾಗುತ್ತಿದೆ ಎಂದು ಅತ್ತೆಗೆ ಗುಮಾನಿ. ಹಿಡಿಯಲು ಒಂದು ಉಪಾಯ ಹೂಡಿದಳು. ಬೇಯಿಸಿದ ಅಡಿಕೆಗೆ ಬಣ್ಣ ಕೊಡುವ ಚೊಗರು ಇರುತ್ತದಲ್ಲ, ಆ ಕೆಂಪು ರಸವನ್ನು ಇಂಗಿಸಿ ಗಟ್ಟಿ ಮಾಡಿ, ನೂರು ಅಡಿಕೆಗೆ ಎರಡೆರಡು ಸಲ ಬಳಿದು, ಕಪ್ಪಗೆ ಮಾಡಿ ಚೀಲಕ್ಕೆ ಬೆರೆಸಿದಳು. ಸಂಜೆ ಬುಟ್ಟಿಯಲ್ಲಿ ಕಪ್ಪನೆಯವು ಅರವತ್ತು ಮಾತ್ರ ಸಿಕ್ಕವು. ನಲವತ್ತು ಹೋಗಿದ್ದರೆ ಚೀಲದ ಅಡಿಕೆಯೂ ಅದೇ ಪ್ರಮಾಣದಲ್ಲಿ ಹೋಗಿದೆ ಎಂದು ಹೇಳಿ ದುರುಗಕ್ಕನ ಮಡಿಲು ಝಾಡಿಸಿ, ಊರೆದುರು ಹೊರಗೆ ಹಾಕಿದಳು. ಮುಂದಿನ ವರ್ಷ ಆ ಗೋಣಿಚೀಲವನ್ನು ಒಗೆಯಲು ಮಗುಚಿದಾಗ ಮೂಲೆಯಲ್ಲಿ, ಹೊಲಿಗೆಯ ಸಂದಿನಲ್ಲಿ ಕಪ್ಪು ಅಡಿಕೆ ನಲವತ್ತೂ ಅಂಟಿಕೊಂಡು ಕೂತಿದ್ದವು. ಮಾಮೂಲಿ ಅಡಿಕೆ ಒಂದೂ ಅಂಟಿರಲಿಲ್ಲ. ಅತ್ತೆ ಬಳಿದ ಗುರುತೇ ಅವನ್ನು ಅಂಟಿಸಿತ್ತು. ಅತ್ತೆ ಚೀಲವನ್ನು ಸುಟ್ಟಳೇ ಹೊರತು ದುರುಗಕ್ಕನ ಮನೆ ಕಡೆ ಹೋಗಲಿಲ್ಲ. ಆಗ ಪ್ರೇಮಮ್ಮನಿಗೆ ಹತ್ತು ವರ್ಷ, ಚೀಲ ಮಗುಚಿದ್ದು ಆಕೆಯೇ.

ಎಲೆಯಡಿಕೆಯನ್ನು ಉಗಿದು ಬಂದು ಪ್ರೇಮಮ್ಮ ಡಾಕ್ಟರ ಕೋಣೆಗೆ ಹೋದಳು. ಅತ್ತೆಯ ಮಾನ ಹೋದರೂ ಹೋಗಲಿ ಎಂದು ಕಥೆಯನ್ನೆಲ್ಲ ಹೇಳಿದಳು.

"ಗುರುತು ಹಚ್ಚಿದ್ದು ಗುರುತು ಹಚ್ಚದೇ ಇದ್ದದ್ದರ ಹಂಗೇ ನಡ್ಕಂತೈತೆ ಅಂತ ಯಾರು ನೋಡಿದಾರೆ ಸರ್? ಅತ್ತೆ ಅಡಿಕೆ ಗುರುತಿಂದ ಅಂಟ್ತು. ನಿಮ್ಮ ಸ್ನೇಹಿತರ ಇನ್ಸುಲಿನ್ ಗುರುತಿಂದ ಅಂಟದೇ ಉಳಿದಿರಬೌದಲ್ಲ? ಯಂತ್ರ ಎಣಿಸಿದ್ದು ಗುರುತಿನದನ್ನ ಮಾತ್ರ."

ಡಾಕ್ಟರು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಟೆಲಿಫೋನ್ ಎಳೆದುಕೊಂಡು ನಾಗೇಂದ್ರಪ್ಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು.

ನಾಗೇಂದ್ರಪ್ಪ ಜೂನ್ ಹದಿನೆಂಟರ ಶನಿವಾರ ತಾನೇ ಬಸ್ಸಿಳಿದು ಬಂದ. ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಕೂತ. ಮುಖ ಸಣ್ಣಗಾಗಿತ್ತು.

"ಎಲ್ಲ ಸಲಾನೂ ಒಟ್ಟು ಇನ್ಸುಲಿನ್ ಅಷ್ಟೇ ಇಟ್ಟೆ. ಅದ್ರಾಗೆ ಗುರುತಿನ ಪಾಲು ಮಾತ್ರ ಹೆಚ್ಚುಕಮ್ಮಿ ಮಾಡಿದೆ. ಒಂದ್ಸಲ ಚಿಟಿಕೆಯಷ್ಟು, ಒಂದ್ಸಲ ಅರ್ಧ, ಒಂದ್ಸಲ ಪೂರಾ. ಗುರುತಿಂದ ಏನೂ ವ್ಯತ್ಯಾಸ ಇಲ್ಲ ಅನ್ನೋದಾದ್ರೆ ಮೂರು ಸಲಾನೂ ನೂರಕ್ಕೆ ಇಷ್ಟು ಅಂತ ಒಂದೇ ಉತ್ತರ ಬರಬೇಕು. ಬರಲಿಲ್ಲ. ಪೂರಾ ಗುರುತಿನದೇ ಹಾಕಿದಾಗ ಗೋಡೆಗೆ ಸುಮಾರಾಗಿ ಹತ್ತಿತ್ತು. ಚಿಟಿಕೆ ಹಾಕಿದಾಗ ಗುರುತಿನದು ಹತ್ತಿದ್ದೇ ಇಲ್ಲ ಅನ್ನಬೇಕು."

"ಯಾಕೆ?" ಎಂದರು ಡಾಕ್ಟರು.

"ಬಸ್ಸಿನಾಗೆ ಸೀಟಿಗೆ ಟವೆಲ್ ಹಾಕಲ್ವಾ, ಹಂಗೆ. ಗುರುತಿಲ್ಲದ್ದು ಚುರುಕು, ಮೊದಲೇ ಹೋಗಿ ಪ್ಲಾಸ್ಟಿಕ್ ಮೇಲೆ ಜಾಗ ಹಿಡೀತು. ಅಯೋಡಿನ್ ಹೊತ್ತಿದ್ದು ಹಿಂದೆ ಬಿತ್ತು, ಸೀಟು ಸಿಗದೆ ಹೊರಗೆ ಬಂತು. ಹೊರಗೆ ಬಂದವರನ್ನ ಎಣಿಸಿ ನಾನು ಬಸ್ಸು ಖಾಲಿ ಐತೆ ಅಂತ ಬರೆದೆ." ಅವನು ಪ್ರೇಮಮ್ಮನ ಕಡೆ ತಿರುಗಿದ. "ಮೊದಲೇ ನೋಡಬೇಕಿತ್ತು ನಾನು. ತಪ್ಪಾತು."

ಹಾಗೆ ಸಲೀಸಾಗಿ ತಪ್ಪಾಯಿತು ಎಂದವನನ್ನು ಪ್ರೇಮಮ್ಮ ಬಿಟ್ಟ ಕಣ್ಣಿನಿಂದ ನೋಡಿದಳು. ಆಕೆಯ ಮನೆತನದಲ್ಲಿ ಆ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ.

ಸೋಮವಾರದ ಸಭೆಯಲ್ಲಿ ದೂರು ಬಿದ್ದುಹೋಯಿತು. ಬಾಟಲಿಗೆ ಮೊದಲು ರೋಗಿಯದೇ ಸ್ವಲ್ಪ ರಕ್ತ ಬೆರೆಸಿದರೆ ಅದರ ಪ್ರೋಟೀನು ಗೋಡೆಯ ಜಾಗವನ್ನೆಲ್ಲ ಹಿಡಿದು, ಇನ್ಸುಲಿನ್ ನೀರಿನಲ್ಲೇ ಉಳಿಯುತ್ತದೆ ಎಂದು ನಾಗೇಂದ್ರಪ್ಪ ದಾರಿ ತೋರಿಸಿ ಹೋಗಿದ್ದ. ಹಾಲಸ್ವಾಮಿಯನ್ನು ಕರೆಸಬೇಕು. ಪತ್ರ ಹಾಕೋಣ ಎಂದರು ಡಾಕ್ಟರು. "ನಾನೇ ಹೋಗ್ತೀನಿ" ಎಂದಳು ಪ್ರೇಮಮ್ಮ.

ನ್ಯಾಮತಿಯ ಮನೆಗೆ ಹೋದರೆ ಅವನು ಅಲ್ಲಿರಲಿಲ್ಲ, ಹೊನ್ನಾಳಿಯಲ್ಲಿ ಕೆಲಸ ಕೇಳಲು ಹೋಗಿದ್ದಾನೆ ಎಂದರು. ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಯ ಮುಂದೆ ಸಿಕ್ಕ. ಅಂಗಡಿಯ ಒಳಗಲ್ಲ, ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಮಾಲೀಕ ಗೋಣೆಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಪ್ರೇಮಮ್ಮನಿಗೆ ದನಿ ತಗ್ಗಿಸಿ ಹೇಳಿದ, "ಚನ್ನಗಿರಿಯಾಗೆ ಏನೋ ಇನ್ಸುಲಿನ್ ಗಲಾಟೆ ಅಂತಲ್ರಿ. ಕೆಲಸ ಕೊಡಾಕೆ ಧೈರ್ಯ ಬರಲ್ಲ ನೋಡ್ರಿ."

"ಅವನು ತಗಂಡಿಲ್ಲ. ಬಾಟ್ಲಿ ತಗಂಡಿತ್ತು. ರುಜುವಾತಾಗೈತೆ" ಎಂದಳು ಪ್ರೇಮಮ್ಮ ಬೀದಿಗೆಲ್ಲ ಕೇಳುವ ಹಾಗೆ.

"ಇರಬೌದು" ಎಂದ ಗೋಣೆಪ್ಪ. ಅವನ ಕಣ್ಣು ಮಾತ್ರ ಹಾಲಸ್ವಾಮಿಯ ಕೈಗಳ ಮೇಲೆಯೇ ಇತ್ತು.

ಪ್ರೇಮಮ್ಮ ಹೋಗಿ ಕಲ್ಲಿನ ಪಕ್ಕ ನಿಂತಳು. ನಡೆದದ್ದನ್ನೆಲ್ಲ ಹೇಳಿದಳು. ಅಂತರಘಟ್ಟಮ್ಮ, ಗಾಜಿನ ಸಿರಿಂಜು, ನಾಗೇಂದ್ರಪ್ಪನ ಲೆಕ್ಕ, ಸಭೆ. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಮೆಲ್ಲಗೆ ಮಾತಾಡಿದ.

"ಸಾವಂತ್ರಿ ಕಾಗದ ಬರೆದಿದ್ಲು. ನೀವು ಮನೆಗೆ ಬಂದಿದ್ರಂತೆ, ರೊಟ್ಟಿ ಉಂಡ್ರಂತೆ, ಅವ್ವನ ಔಷಧಿ ಎತ್ತಿ ನೋಡಿದ್ರಂತೆ. ಭಾಳ ಸಂತೋಷಪಟ್ಟು ಬರೆದಿದ್ಲು." ತಲೆ ಎತ್ತಿ ಆಕೆಯನ್ನು ನೋಡಿದ. "ಸಹಿ ಮಾಡಿದ್ದು ಅದಕ್ಕಿಂತ ಮುಂಚೆನಾ ಸಿಸ್ಟರ್, ಆಮೇಲಾ?"

ಎದುರಿಗೆ ಶಿವಮೊಗ್ಗದ ಬಸ್ಸು ಬಂದು ಜನರನ್ನು ಇಳಿಸಿ ಹೋಗುವವರೆಗೂ ಪ್ರೇಮಮ್ಮ ಅದನ್ನೇ ನೋಡುತ್ತ ನಿಂತಿದ್ದಳು.

"ಆಮೇಲೆ" ಎಂದಳು. "ಸೀಲು ಒಡೆದಿರಲಿಲ್ಲ ಅಂತ ನೋಡಿಯೂ ಸಹಿ ಮಾಡಿದೆ. ತಪ್ಪಾತು ಹಾಲಸ್ವಾಮಿ."

ಅವನು ತಲೆಯಾಡಿಸಿದ. ಆಯಿತು ಎಂದೋ, ಗೊತ್ತಿತ್ತು ಎಂದೋ, ಆಕೆಗೆ ತಿಳಿಯಲಿಲ್ಲ. ಅವನು ಎದ್ದು ಪಂಚೆ ಕೊಡವಿಕೊಂಡು ಆಕೆಯ ಜೊತೆ ಬಸ್ಸು ಹತ್ತಿದ. ಹೆಂಡತಿ, ಅತ್ತೆ, ದಿನದ ಸೂಜಿ ಇದ್ದವನು ಇನ್ನೇನು ಮಾಡಿಯಾನು.

ಮಾರನೆಯ ದಿನ ಪ್ರೇಮಮ್ಮ ಎಲ್ಲರೆದುರು ಸೊಂಟದ ಕೀಲಿ ಬಿಚ್ಚಿ ಅವನ ಮುಂದೆ ಹಿಡಿದಳು. ಹಾಲಸ್ವಾಮಿ ಕೈ ಚಾಚಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ಅದು ನಿಮ್ಮತ್ರನೇ ಇರಲಿ ಸಿಸ್ಟರ್. ನೀವು ತೆಗೀರಿ, ನಾನು ಬೆರೆಸ್ತೀನಿ."

"ನಿನ್ನ ಮೇಲೆ ಯಾರಿಗೂ ಗುಮಾನಿ ಇಲ್ಲ ಈಗ."

"ಗೊತ್ತು" ಎಂದ.

ಅವತ್ತಿನಿಂದ ಅವನು ಔಷಧಿ ಕೋಣೆಯ ಬಾಗಿಲು ಹಾಕಲೇ ಇಲ್ಲ. ಧೂಳು ಬರುತ್ತದೆ ಎಂದು ಡಾಕ್ಟರು ಗದರಿದ ಮೇಲೆ ಹಾಕುತ್ತಿದ್ದ, ಆದರೆ ಮೊದಲು ಪ್ರೇಮಮ್ಮನನ್ನು ಒಳಗೆ ಕರೆಯುತ್ತಿದ್ದ. ಆಕೆ ಕೆಲಸದಲ್ಲಿದ್ದರೆ ಕಾಯುತ್ತಿದ್ದ. ಪ್ರತಿ ಶನಿವಾರ ಬಸ್ಸಿಗೆ ಹೋಗುವ ಮುಂಚೆ ಆಕೆಯ ಮೇಜಿನ ಹತ್ತಿರ ಬಂದು, ಹಸಿರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಐಸನ್ನು ಆಕೆಗೆ ತೋರಿಸುತ್ತಿದ್ದ.

"ನೋಡ್ರಿ ಸಿಸ್ಟರ್" ಎನ್ನುತ್ತಿದ್ದ.

ಬೇಡ ಎಂದು ಆಕೆ ಎಷ್ಟು ಸಲ ಹೇಳಿದರೂ ಮುಚ್ಚಳ ತೆರೆದೇ ನಿಲ್ಲುತ್ತಿದ್ದ. ಪ್ರೇಮಮ್ಮ ಬಗ್ಗಿ ನೋಡಿದ ಮೇಲೆಯೇ ಮುಚ್ಚಿಕೊಂಡು ಹೋಗುತ್ತಿದ್ದ.